ಎಡ, ಬಲ, ಬುದ್ಧಿ ಮತ್ತು ಬ್ಯಾಂಕ್ ಖಾತೆ

ಸ್ವತಂತ್ರವಾಗಿ ಯೋಚಿಸಬಲ್ಲವರು ಕೊನೆಗೆ ಎಡಪಂಥಕ್ಕೇ ಬಂದು ಸೇರುತ್ತಾರೆ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಸ್ವಂತ ದುಡಿಮೆಯಿಂದ ನಾಲ್ಕು ಕಾಸು ಕಂಡವರು ಯಾರೂ ಎಡಪಂಥೀಯರಾಗಿ ಉಳಿಯುವುದಿಲ್ಲ ಎಂದು ಇನ್ನೊಬ್ಬರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಇಬ್ಬರೂ ನನಗೆ ಬೇಕಾದವರು, ಇಬ್ಬರೂ ಓದಿಕೊಂಡವರು. ರಾಜಕೀಯ ಒಲವು ಗೊತ್ತಾದರೆ ಸಾಕು, ಮನುಷ್ಯನ ತಲೆಯನ್ನೂ ಜೇಬನ್ನೂ ಅಳೆದುಬಿಡಬಹುದು ಎಂಬ ನಂಬಿಕೆ ಮಾತ್ರ ಇಬ್ಬರದೂ ಒಂದೇ. ನನಗೆ ಆ ನಂಬಿಕೆಯಿಲ್ಲ. ಆದರೆ ಮೂರಕ್ಕೂ ಸಂಬಂಧವೇ ಇಲ್ಲ ಎಂದು ಕೈತೊಳೆದುಕೊಳ್ಳಲೂ ಆಗುತ್ತಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರಲ್ಲಿ ಮುಂದಿಟ್ಟ ಒಂದು ಪ್ರಯೋಗ ಈ ವಿಷಯದಲ್ಲಿ ನನ್ನನ್ನು ಬಹಳ ಕಾಡಿದೆ. ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಳಸಿಕೊಂಡ ಆ ಪ್ರಯೋಗದಲ್ಲಿ ಕೆಲವರ ಮುಂದೆ ಚರ್ಮದ ದದ್ದಿಗೆ ಹಚ್ಚುವ ಕ್ರೀಮೊಂದರ ಅಂಕಿಗಳನ್ನು ಇಡಲಾಯಿತು. ಕ್ರೀಮು ಹಚ್ಚಿಕೊಂಡವರಲ್ಲಿ 223 ಮಂದಿಗೆ ದದ್ದು ಕಡಿಮೆಯಾಗಿದೆ, 75 ಮಂದಿಗೆ ಹೆಚ್ಚಾಗಿದೆ. ಹಚ್ಚಿಕೊಳ್ಳದವರಲ್ಲಿ 107 ಮಂದಿಗೆ ಕಡಿಮೆಯಾಗಿದೆ, 21 ಮಂದಿಗೆ ಹೆಚ್ಚಾಗಿದೆ. 223 ಎಂಬ ದೊಡ್ಡ ಅಂಕಿ ಕಣ್ಣಿಗೆ ಬಿದ್ದ ಕೂಡಲೇ ಕ್ರೀಮು ಕೆಲಸ ಮಾಡಿದೆ ಎನ್ನಿಸುತ್ತದೆ. ಕೂಡಿ ಭಾಗಿಸಿ ನೋಡಿದರೆ ಹಚ್ಚಿಕೊಂಡವರಲ್ಲಿ ಸುಮಾರು ಶೇ. 75ರಷ್ಟು ಮಂದಿಗೆ ಗುಣವಾಗಿದ್ದರೆ, ಏನೂ ಹಚ್ಚದೆ ಸುಮ್ಮನಿದ್ದವರಲ್ಲಿ ಸುಮಾರು ಶೇ. 84ರಷ್ಟು ಮಂದಿಗೆ ಗುಣವಾಗಿದೆ. (ನಾನೂ ಮೊದಲ ಓದಿನಲ್ಲಿ ಎಡವಿದೆ ಎಂದು ಒಪ್ಪಿಕೊಳ್ಳುತ್ತೇನೆ.) ಲೆಕ್ಕ ಬಲ್ಲವರು ಇಲ್ಲಿ ಸರಿಯುತ್ತರವನ್ನು ಹೆಚ್ಚಾಗಿ ಕಂಡುಕೊಂಡರು, ಅವರು ಯಾವ ಪಕ್ಷದವರು ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಉಳಿದವರಿಗೆ ಇವೇ ಅಂಕಿಗಳನ್ನು ಕೊಟ್ಟು, ಇವು ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಒಯ್ಯುವುದನ್ನು ನಿಷೇಧಿಸಿದ ಮತ್ತು ನಿಷೇಧಿಸದ ನಗರಗಳ ಅಪರಾಧದ ಅಂಕಿಗಳು ಎಂದು ಹೇಳಲಾಯಿತು. ಅಲ್ಲಿ ಎಡ ಒಲವಿನವರು ಇಂಥ ನಿಷೇಧದ ಪರ, ಬಲ ಒಲವಿನವರು ವಿರುದ್ಧ. ಕೆಲವರಿಗೆ ಅಂಕಿ ನಿಷೇಧದ ಪರವಾಗಿ, ಕೆಲವರಿಗೆ ವಿರುದ್ಧವಾಗಿ ಬರುವಂತೆ ಶೀರ್ಷಿಕೆಗಳನ್ನು ಅದಲುಬದಲು ಮಾಡಲಾಗಿತ್ತು. ಆಗ ಚಿತ್ರವೇ ಬದಲಾಯಿತು. ಅಂಕಿ ತಮ್ಮ ಪಕ್ಷದ ನಿಲುವಿಗೆ ಒಗ್ಗುವಂತಿದ್ದಾಗ ಸರಿಯಾಗಿ ಭಾಗಿಸಿದ ಜನ, ಅದು ತಿರುಗುಬಾಣವಾದಾಗ ಮೊದಲ ನೋಟಕ್ಕೇ ನಿಂತುಬಿಟ್ಟರು. ಎರಡೂ ಕಡೆಯವರು ಹೀಗೆಯೇ ನಡೆದುಕೊಂಡರು. ನನ್ನನ್ನು ತಟ್ಟಿದ್ದು ಮುಂದಿನ ಸಂಗತಿ: ಲೆಕ್ಕದಲ್ಲಿ ಹಿಂದಿದ್ದವರಿಗಿಂತ ಲೆಕ್ಕದಲ್ಲಿ ಗಟ್ಟಿಗರಾದವರ ನಡುವೆಯೇ ಈ ಪಕ್ಷಭೇದ ಹೆಚ್ಚಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನು ದಡ್ಡ ಎಂದುಕೊಂಡಿದ್ದೆವು. ಎತ್ತು ತನ್ನದಾಗಿದ್ದರೆ ಜಾಣನೂ ಹಗ್ಗ ಹಿಡಿದು ಹೊರಡುತ್ತಾನೆ. ಇದು ಒಂದು ಪ್ರಯೋಗದ ಮಾತಷ್ಟೇ ಅಲ್ಲ. ಪೀಟರ್ ಡಿಟ್ಟೊ ಮತ್ತು ಸಹೋದ್ಯೋಗಿಗಳು 2019ರಲ್ಲಿ 51 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದಾಗ ಎಡ ಒಲವಿನ ಉದಾರವಾದಿಗಳ ಪಕ್ಷಪಾತಕ್ಕೂ ಬಲ ಒಲವಿನ ಸಂಪ್ರದಾಯವಾದಿಗಳ ಪಕ್ಷಪಾತಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಇನ್ನು ಹಣದ ಮಾತು. ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ ಎಂಬ ಗಾದೆಯನ್ನು ನಂಬಿ ಬೆಳೆದವನು ನಾನು. ಆದರೆ ಜೇ ಜಗೋರ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ವಿವರ ನೋಡಿದಾಗ, ಬುದ್ಧಿಮತ್ತೆಯ ಅಂಕ ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತದೆ, ಆದರೆ ಕೂಡಿಟ್ಟ ಸಂಪತ್ತಿಗೂ ಆ ಅಂಕಕ್ಕೂ ಗಟ್ಟಿಯಾದ ನಂಟಿಲ್ಲ ಎಂದು ಕಂಡುಬಂತು. 1720ರಲ್ಲಿ ಏರಿ ಕುಸಿದ ಬ್ರಿಟನ್ನಿನ ಸೌತ್ ಸೀ ಕಂಪನಿಯ ಷೇರುಗಳಲ್ಲಿ ವಿಜ್ಞಾನಿ ನ್ಯೂಟನ್ ಕೈಸುಟ್ಟುಕೊಂಡ ಕಥೆ ಎಲ್ಲರಿಗೂ ಗೊತ್ತಿರುವುದೇ.

ಹಣವಂತರು ಬಲಕ್ಕೆ ವಾಲುವುದು ಸುಳ್ಳಲ್ಲ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಹಲವು ದಶಕಗಳ ಮತದಾನವನ್ನು ಪರಿಶೀಲಿಸಿದ ಫ್ರೆಂಚ್ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ, 1950ರ ದಶಕದಲ್ಲಿ ಎಡಪಕ್ಷಗಳ ಬೆನ್ನಿಗಿದ್ದದ್ದು ಕಡಿಮೆ ಓದಿದವರು, ಈಗ ಹೆಚ್ಚು ಓದಿದವರು ಆ ಕಡೆಗೆ ಸರಿದಿದ್ದಾರೆ, ಹೆಚ್ಚು ಹಣವಿದ್ದವರು ಮಾತ್ರ ಬಹುಮಟ್ಟಿಗೆ ಬಲದಲ್ಲೇ ಉಳಿದಿದ್ದಾರೆ ಎಂದು ತೋರಿಸಿದ್ದಾರೆ. ಅರ್ಧ ಶತಮಾನದಲ್ಲಿ ಓದಿದವರ ಒಲವೇ ಮಗುಚಿಕೊಂಡಿರುವಾಗ, ಆ ಒಲವನ್ನು ಬುದ್ಧಿಗೆ ಸಾಕ್ಷಿಯೆಂದು ಹೇಗೆ ಒಪ್ಪುವುದು? ಹಣವಂತರ ಒಲವಾದರೂ ಹಣಕ್ಕೆ ಕಾರಣವೋ, ಹಣದ ಫಲವೋ? ಬ್ರಿಟನ್ನಿನಲ್ಲಿ ಲಾಟರಿ ಗೆದ್ದವರನ್ನು ಅಧ್ಯಯನ ಮಾಡಿದ ಆಂಡ್ರ್ಯೂ ಆಸ್ವಾಲ್ಡ್ ಮತ್ತು ನಟ್ಟವುಡ್ ಪೌಧವಿ ಅವರಿಗೆ, ದೊಡ್ಡ ಮೊತ್ತ ಬಂದವರು ಬಲಕ್ಕೆ ಹೊರಳುವ ಸಾಧ್ಯತೆ ಹೆಚ್ಚೆಂದು ಕಂಡಿತು. ಲಾಟರಿ ಚೀಟಿ ಎತ್ತುವುದಕ್ಕೆ ಯಾವ ವಿಮರ್ಶಾತ್ಮಕ ಚಿಂತನೆಯೂ ಬೇಡ.

ರಾಜಕೀಯವು ಹಣವನ್ನು ಮುಟ್ಟುವ ಒಂದು ಜಾಗವನ್ನು ಮಾತ್ರ ನಾನು ಹತ್ತಿರದಿಂದ ಬಲ್ಲೆ. ಒಂದು ಚುನಾವಣೆಯಲ್ಲಿ ನಾನು ವಿರೋಧಿಸುತ್ತಿದ್ದ ಪಕ್ಷ ಗೆದ್ದಿತು. ಮತ ಎಣಿಕೆ ಮುಗಿದ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಆರ್ಥಿಕತೆ ಮುಗಿಯಿತು ಎಂಬ ವಿಶ್ವಾಸದಿಂದ ಹಾಸಿಗೆಯಲ್ಲೇ ಫೋನ್ ತೆರೆದು, ವರ್ಷಗಳಿಂದ ಕಟ್ಟಿಕೊಂಡು ಬಂದಿದ್ದ ಮ್ಯೂಚುವಲ್ ಫಂಡ್ ಹಣವನ್ನೆಲ್ಲ ಹಿಂತೆಗೆದುಕೊಳ್ಳಲು ಕೋರಿಕೆ ಸಲ್ಲಿಸಿದೆ. ಕಂಪನಿಗಳ ಲಾಭವನ್ನಾಗಲಿ, ಬಡ್ಡಿದರವನ್ನಾಗಲಿ ನೋಡಿರಲಿಲ್ಲ. ಗೆದ್ದವರ ಮುಖ ನೋಡಿದ್ದೆ, ಅಷ್ಟೇ. ಹಣವನ್ನು ಠೇವಣಿಯಲ್ಲಿಟ್ಟು ಮಾರುಕಟ್ಟೆ ಕುಸಿಯುವುದನ್ನು ಎರಡು ವರ್ಷ ಕಾದೆ. ಅದು ಏರುತ್ತಲೇ ಹೋಯಿತು. ಆ ಎರಡು ವರ್ಷವೂ ಏರಿಕೆಯ ಸುದ್ದಿಯನ್ನು ಬಿಟ್ಟು, ಇದು ಗುಳ್ಳೆ ಎಂದು ಬರೆದವರನ್ನೇ ಹುಡುಕಿ ಓದುತ್ತಿದ್ದೆ. ತಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಹೂಡಿಕೆದಾರರು ಹೆಚ್ಚು ಆಶಾವಾದಿಗಳಾಗುತ್ತಾರೆ, ಇಲ್ಲದಾಗ ಹಿಂಜರಿಯುತ್ತಾರೆ ಎಂದು ಅಮೆರಿಕದ ಅಧ್ಯಯನಗಳು ಹೇಳುವುದನ್ನು ಓದಿದ್ದು ಆಮೇಲೆ.

ಬಲಪಂಥೀಯ ಗೆಳೆಯರಿಗೆ ಇದನ್ನು ಹೇಳಿಕೊಂಡಾಗ ಅವರು ಮನಸಾರೆ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮದೇ ಸರ್ಕಾರ ಇರುವಾಗ ಏನಾದೀತು ಎಂಬ ಧೈರ್ಯದ ಮೇಲೆ ಮುಳುಗುತ್ತಿದ್ದ ಕಂಪನಿಯೊಂದರ ಷೇರನ್ನು ಕೊನೆಯವರೆಗೂ ಹಿಡಿದುಕೊಂಡು ಕುಳಿತಿದ್ದ ಕಥೆಯನ್ನು ಅವರೂ ಬಿಚ್ಚಿದರು.