ಸತ್ಯಾಂಶ: ಸಣ್ಣ ಸದನಕ್ಕೆ ಸಮಿತಿಗಳು ಬೇಡವೇ?

"ಸದಸ್ಯರು ಇರೋದೇ 20 ಜನ, ಒಟ್ಟಿಗೆ ಕೂತು ಮಾತಾಡಿದರೆ ಮುಗೀತು, ಸಮಿತಿ ಅಂದ್ರೆ ಸುಮ್ನೆ ದುಡ್ಡು ದಂಡ" ಎಂದು ಸಣ್ಣ ಶಾಸನಸಭೆಗಳ ಬಗ್ಗೆ ಹೇಳುವ ಮೆಸೇಜ್ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದು ಸರಿಯಲ್ಲ.

ಸದನದಲ್ಲಿ ಭಾಷಣ ನಡೆಯುತ್ತದೆ. ಆದರೆ ಮಸೂದೆಯ ಒಂದೊಂದು ಸಾಲನ್ನೂ ಓದುವುದು, ಅಧಿಕಾರಿಯನ್ನು ಎದುರು ಕೂರಿಸಿ "ಈ ಖರ್ಚು ಇಷ್ಟು ಯಾಕಾಯಿತು" ಎಂದು ಕೇಳುವುದು ಸಮಿತಿಯಲ್ಲಿ, ಅಂದರೆ ಕೆಲವೇ ಸದಸ್ಯರ ಸಣ್ಣ ಗುಂಪಿನಲ್ಲಿ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ 1937ರಿಂದ ಒಂದೇ ಸದನ, ಈಗ 49 ಸದಸ್ಯರು. ಅಲ್ಲೂ ಮಸೂದೆಗಳು ಸಮಿತಿಗೆ ಹೋಗುತ್ತವೆ, ಜನ ಬಂದು ಅಭಿಪ್ರಾಯ ಹೇಳುತ್ತಾರೆ.

ಆದರೆ ಒಂದು ಕಷ್ಟ ನಿಜ. 20 ಜನರಲ್ಲಿ ಸಭಾಧ್ಯಕ್ಷರು ಒಬ್ಬರು, ಮಂತ್ರಿಗಳು 7 ಅಂದುಕೊಳ್ಳಿ, ಉಳಿಯುವುದು 12. ದೊಡ್ಡ ಸದನ ನೋಡಿ ತಲಾ 5 ಜನರ 10 ಸಮಿತಿ ಮಾಡಿದರೆ 50 ಸ್ಥಾನ, ಒಬ್ಬೊಬ್ಬರ ತಲೆಗೆ ನಾಲ್ಕಕ್ಕಿಂತ ಜಾಸ್ತಿ! ಒಂದೇ ಹೊತ್ತಿಗೆ ಎರಡು ಸಭೆ, ಎರಡರಲ್ಲೂ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ) ಇಲ್ಲ. ಮಂತ್ರಿಗಳನ್ನೇ ಕೂರಿಸೋಣವೆಂದರೆ ತಮ್ಮ ಲೆಕ್ಕ ತಾವೇ ನೋಡಿದಂತಾಗುತ್ತದೆ, ಅಲ್ವಾ?

ಇದಕ್ಕೆ ದಾರಿ, ಸಮಿತಿಯನ್ನೇ ತೆಗೆಯುವುದಲ್ಲ. ಮೂರೋ ನಾಲ್ಕೋ ಸಮಿತಿ ಸಾಕು, ಒಂದೊಂದಕ್ಕೂ ಹಲವು ಇಲಾಖೆ ಕೊಡಬಹುದು. ಸಭೆಯ ದಿನಗಳು ಒಂದರ ಮೇಲೊಂದು ಬೀಳದಂತೆ ನಿಯಮದಲ್ಲೇ ಬರೆಯಬೇಕು. ಸರ್ಕಾರದ ಖರ್ಚನ್ನು ಪರಿಶೀಲಿಸುವ ಲೆಕ್ಕಪತ್ರ ಸಮಿತಿಯಲ್ಲಂತೂ ಮಂತ್ರಿಗಳು ಇರಲೇಬಾರದು.