ಬೇಕಾಗಿದೆ: ಕುರುಡಾದರೂ ಕಣ್ಣು ಕಾಣುವ ನಾಯಿ

ಪುಟ್ಟ ನಾಯಿ ಬೇಕು, ನಾಲ್ಕು ಕೆಜಿ ಮೀರಬಾರದು. ವಿಶೇಷ ಆರೈಕೆ ಬೇಕಾದದ್ದೇ ಆಗಿರಲಿ, ಅದರಲ್ಲಿ ಪುಣ್ಯ ಜಾಸ್ತಿ. ಕುರುಡಾದರೆ ಪರವಾಗಿಲ್ಲ, ಆದರೆ ಸೋಫಾಕ್ಕೆ ಡಿಕ್ಕಿ ಹೊಡೆಯಬಾರದು. ಕಿವುಡಾದರೂ ಸರಿ, ಕರೆದ ತಕ್ಷಣ ಓಡಿ ಬರಬೇಕು. ಹಿಂಗಾಲು ಬಿದ್ದುಹೋಗಿದ್ದರೆ ವೀಲ್‌ಚೇರ್ ಕಟ್ಟಿ ವಿಡಿಯೊ ಮಾಡಬಹುದು, ಆದರೆ ಮನೆಯೊಳಗೆ ಒದ್ದೆ ಮಾಡಕೂಡದು. ಔಷಧಿ ದಿನಕ್ಕೆ ಒಂದೇ ಹೊತ್ತು, ಅದೂ ನಮಗೆ ಬಿಡುವಾದಾಗ. ಬೊಗಳಬಾರದು, ಕೂದಲು ಉದುರಬಾರದು. ಮುಖದಲ್ಲಿ ಮಾತ್ರ ಸದಾ ಕರುಣೆ ಉಕ್ಕಿಸುವ ಕಳೆ ಇರಬೇಕು.

ಇಂಥ ಜಾಹೀರಾತನ್ನು ಯಾರೂ ಕೊಡುವುದಿಲ್ಲ, ಸರಿ. ಆದರೆ ಅನಾಥ ನಾಯಿಗಳ ಶೆಲ್ಟರಿಗೆ ಬಂದ ದತ್ತು ಅರ್ಜಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ ನೋಡಿ. ಆರೋಗ್ಯವಂತ ನಾಯಿ ಸಾಕಿದಷ್ಟೇ ಕಷ್ಟ ಇರಬೇಕು, ಅಂಗವಿಕಲ ನಾಯಿ ಸಾಕಿದಷ್ಟು ಹೆಸರು ಬರಬೇಕು ಅನ್ನುವುದೇ ಎಲ್ಲದರ ಒಟ್ಟು ತಾತ್ಪರ್ಯ.

ಹೆಸರು ಬರುವ ದಾರಿ ಎಲ್ಲರಿಗೂ ಗೊತ್ತು. ಶೆಲ್ಟರಿನವರು ಮೂರು ಕಾಲಿನ ಪುಟ್ಟ ನಾಯಿಯ ಫೋಟೊ ಹಾಕುತ್ತಾರೆ. ಕ್ಷಣಾರ್ಧದಲ್ಲಿ ‘ಅಯ್ಯೋ ಪಾಪ’ಗಳು ಸಾಲುಗಟ್ಟುತ್ತವೆ. ಅಳುವ ಮುಖಗಳು, ಒಡೆದ ಹೃದಯಗಳು, ಮುಗಿದ ಕೈಗಳು, ಕೊನೆಗೊಂದು ಅಪ್ಪಣೆ: ‘ದಯವಿಟ್ಟು ಯಾರಾದರೂ ಇದಕ್ಕೊಂದು ಮನೆ ಕೊಡಿ.’ ಈ ‘ಯಾರಾದರೂ’ ಎಂಬ ಪುಣ್ಯಾತ್ಮನ ಮನೆಯಲ್ಲಿ ಈಗಾಗಲೇ ಎಷ್ಟು ಸಾವಿರ ನಾಯಿಗಳಿವೆಯೋ, ಆತ ಮಲಗುವುದು ಯಾವಾಗಲೋ! ಮಿಕ್ಕವರೆಲ್ಲರ ಮನೆಯಲ್ಲೂ ಬಿಳಿ ಕಾರ್ಪೆಟ್ಟು ಇದೆಯಂತೆ.

ಇದರಲ್ಲೂ ಒಂದು ತಮಾಷೆ. ಮೂರು ಕಾಲಿನ ಪುಟ್ಟ ನಾಯಿಗೆ ಬೇಕಾದ ವಿಶೇಷ ಆರೈಕೆ ತೀರಾ ಕಡಿಮೆ. ತೂಕ ಏರದಂತೆ ನೋಡಿಕೊಳ್ಳಬೇಕು, ಜಾರುವ ನೆಲಕ್ಕೆ ಮ್ಯಾಟ್ ಹಾಸಬೇಕು, ಉಗುರು ಮತ್ತು ಪಾದದಡಿಯ ಕೂದಲನ್ನು ಕತ್ತರಿಸುತ್ತಿರಬೇಕು, ಉಳಿದ ಕಾಲುಗಳ ಕೀಲನ್ನು ಆಗಾಗ ತೋರಿಸಬೇಕು. ಅಷ್ಟೇ. ನಿಜವಾಗಿ ನಿದ್ದೆಗೆಡಿಸುವ ನಾಯಿ ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮೂರ್ಛೆರೋಗದ ನಾಯಿಗೂ ಹೃದಯದ ಕವಾಟ ಸೋರುವ ನಾಯಿಗೂ ನಾಲ್ಕು ಕಾಲು, ಎರಡು ಕಣ್ಣು ನೆಟ್ಟಗೇ ಇರುತ್ತವೆ. ಎದ್ದು ಕಾಣುವ ಊನವಿಲ್ಲದ್ದರಿಂದ ಲೈಕು ಬೀಳುವುದಿಲ್ಲ. ಅವು ಶೆಲ್ಟರಿನಲ್ಲೇ ಮುದಿಯಾಗುತ್ತವೆ.

ಇನ್ನು ‘ಪ್ರೀತಿಯೊಂದಿದ್ದರೆ ಸಾಕು, ಎಲ್ಲ ಸರಿಹೋಗುತ್ತದೆ’ ಎನ್ನುವ ಪಂಗಡ. ಇವರ ಕೈಗೆ ಬೆನ್ನಿನ ಡಿಸ್ಕ್ ಜಾರಿ ಹಿಂಗಾಲು ಸೋತ, ಉದ್ದ ಮೈಯ ಕುಳ್ಳು ಕಾಲಿನ ಡ್ಯಾಷ್‌ಹಂಡ್ ನಾಯಿಯೊಂದನ್ನು ಕೊಟ್ಟು ನೋಡಬೇಕು. ಆ ನಾಯಿಗೆ ಕಾಲಷ್ಟೇ ಹೋಗಿರುವುದಿಲ್ಲ, ಮೂತ್ರಕೋಶದ ಹಿಡಿತವೂ ಹೋಗಿರುತ್ತದೆ. ಪ್ರೀತಿಯಿಂದ ಮೂತ್ರಕೋಶ ಖಾಲಿಯಾಗುವುದಿಲ್ಲ, ಕೈಯಿಂದ ಆಗುತ್ತದೆ. ಆರರಿಂದ ಎಂಟು ಗಂಟೆಗೊಮ್ಮೆ, ಹಬ್ಬವಿರಲಿ, ಜ್ವರವಿರಲಿ, ಮಳೆಯಿರಲಿ.

ಅದನ್ನು ಮಾಡುವ ಕ್ರಮ ಹೀಗೆ. ನಾಯಿಯನ್ನು ನಿಲ್ಲಿಸಿಕೊಳ್ಳಿ ಅಥವಾ ಪಕ್ಕಕ್ಕೆ ಮಲಗಿಸಿ. ಪಕ್ಕೆಲುಬು ಮುಗಿದ ಮೇಲೆ, ಹಿಂಗಾಲು ಶುರುವಾಗುವುದಕ್ಕೆ ಮುಂಚೆ, ಹೊಟ್ಟೆಯ ಎರಡೂ ಬದಿಗೆ ಅಂಗೈ ಚಪ್ಪಟೆಯಾಗಿಡಿ. ನೀರು ತುಂಬಿದ ಬಲೂನಿನಂಥದ್ದು ಬೆರಳಿಗೆ ಸಿಗುತ್ತದೆ. ಬೆರಳ ತುದಿಯಿಂದ ತಿವಿಯಬೇಡಿ. ಎರಡೂ ಕಡೆಯಿಂದ ನಿಧಾನವಾಗಿ, ಒಂದೇ ಸಮನಾಗಿ, ಬಾಲದ ಕಡೆಗೆ ಒತ್ತುತ್ತಾ ಹೋಗಿ. ಧಾರೆ ಶುರುವಾದ ಮೇಲೆ ಕೈ ಸಡಿಲಿಸದೆ ಅದು ನಿಲ್ಲುವವರೆಗೂ ಹಿಡಿಯಿರಿ, ಬಿಟ್ಟು ಮತ್ತೊಮ್ಮೆ ಮುಟ್ಟಿ ನೋಡಿ. ತಳದಲ್ಲಿ ಉಳಿದರೆ ಅಲ್ಲೇ ಸೋಂಕು. ವಾಸನೆ ಬದಲಾದರೆ, ಮೂತ್ರ ಮಬ್ಬಾದರೆ, ಕೆಂಪಾದರೆ ಅದೇ ದಿನ ವೈದ್ಯರಲ್ಲಿಗೆ. ಕೆಲವು ನಾಯಿಗಳಲ್ಲಿ ಬೆನ್ನುಹುರಿಯ ಮೇಲ್ಭಾಗ ಜಖಂ ಆಗಿ ಮೂತ್ರದ್ವಾರದ ಸ್ನಾಯು ಬಿಗಿದುಕೊಂಡಿರುತ್ತದೆ, ಎಷ್ಟು ಒತ್ತಿದರೂ ಬರುವುದಿಲ್ಲ. ಅಲ್ಲಿ ಬಲ ತೋರಿಸಿದರೆ ಮೂತ್ರಕೋಶವೇ ಒಡೆಯಬಹುದು. ಸ್ನಾಯು ಸಡಿಲಿಸುವ ಮಾತ್ರೆ ಬೇಕು. ಆದ್ದರಿಂದ ಈ ಕೆಲಸವನ್ನು ಓದಿ ಕಲಿಯಲಾಗದು. ಪಶುವೈದ್ಯರ ಕೈಯ ಪಕ್ಕದಲ್ಲಿ ನಿಮ್ಮ ಕೈಯಿಟ್ಟೇ ಕಲಿಯಬೇಕು.

ಈ ವಿಷಯಕ್ಕೆ ರೀಲ್ಸ್ ಇಲ್ಲ. ಹಿನ್ನೆಲೆಗೆ ಕೊಳಲು ಹಾಕಿದರೂ ಓಡುವುದಿಲ್ಲ.

ಓಡುವುದು ಪವಾಡದ ವಿಡಿಯೊ. ಕಾಲ್ಬೆರಳು ಹಿಂಡಿದಾಗ ಸೋತ ಕಾಲು ಚಟ್ಟನೆ ಹಿಂದೆ ಸರಿಯುತ್ತದೆ. ‘ಸ್ಪರ್ಶ ಬಂತು! ನಂಬಿಕೆ ಗೆದ್ದಿತು!’ ಎಂದು ಕಣ್ಣೀರಿನ ಕೋಡಿ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿಯ ಕೆಳಭಾಗದ ಪ್ರತಿಕ್ರಿಯೆ ಮಾತ್ರ, ಮಿದುಳಿಗೆ ಸುದ್ದಿಯೇ ಮುಟ್ಟದೆ ನಡೆಯುವಂಥದ್ದು. ಹಿಂಡಿದಾಗ ನಾಯಿ ತಲೆ ತಿರುಗಿಸಿ ನೋಡಿತೇ, ಕುಂಯ್ ಎಂದಿತೇ, ಕಚ್ಚಲು ಬಂತೇ ಅನ್ನುವುದನ್ನು ವೈದ್ಯರು ನೋಡುತ್ತಾರೆ. ಕಚ್ಚಲು ಬಂದರೆ ಸಂತೋಷಪಡಬೇಕಾದ ವೈದ್ಯಕೀಯ ಪರೀಕ್ಷೆ ಇದೊಂದೇ ಇರಬೇಕು. ಆದರೆ ವಿಡಿಯೊದಲ್ಲಿ ಯಾರೂ ತಲೆಯ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ.

ವೀಲ್‌ಚೇರಿನದು ಇನ್ನೊಂದು ಪುರಾಣ. ಗಾಡಿ ಕಟ್ಟಿದ ಕೂಡಲೇ ನಾಯಿ ಬಯಲಲ್ಲಿ ಓಡುತ್ತದೆ, ನಾವು ನಿಧಾನಗತಿಯಲ್ಲಿ ಚಿತ್ರೀಕರಿಸುತ್ತೇವೆ ಎಂದು ಎಲ್ಲರ ಲೆಕ್ಕ. ಗಾಡಿಗೆ ಅಳತೆ ಬೇಕು. ಬೆನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಹಿಂಭಾಗ ಎತ್ತರವಾದರೆ ಮುಂಗಾಲಿನ ಮೇಲೆ ಭಾರ ಬಿದ್ದು ಭುಜ ಕೆಡುತ್ತದೆ, ತಗ್ಗಾದರೆ ಬೆನ್ನು ಬಳುಕುತ್ತದೆ. ಮೊದಲ ದಿನಗಳಲ್ಲಿ ಐದು-ಹತ್ತು ನಿಮಿಷ ಸಾಕು, ರೂಢಿಯಾದ ಮೇಲೂ ಒಂದು ಸಲಕ್ಕೆ ಅರ್ಧ ಗಂಟೆ ದಾಟದಿದ್ದರೆ ಒಳ್ಳೆಯದು. ಪ್ರತಿ ಸಲ ಬಿಚ್ಚಿದ ಮೇಲೆ ತೊಡೆಸಂದು, ಎದೆಯ ಪಟ್ಟಿಯ ಜಾಗ ಉಜ್ಜಿ ಕೆಂಪಾಗಿದೆಯೇ ಎಂದು ನೋಡಬೇಕು. ಗಾಡಿಯಲ್ಲಿರುವ ನಾಯಿಗೆ ಮಲಗಲಾಗದು, ಮೆಟ್ಟಿಲಿನಲ್ಲಿ ಪಲ್ಟಿ ಹೊಡೆಯಬಹುದು, ಎರಡು ಕುರ್ಚಿಗಳ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನು ಕಟ್ಟಿ ಆಫೀಸಿಗೆ ಹೋಗಿಬರುವ ಹಾಗಿಲ್ಲ. ದಿನದ ಮಿಕ್ಕ ಹೊತ್ತೆಲ್ಲ ಅದು ನೆಲದ ಮೇಲೆ ತೆವಳುತ್ತದೆ, ಪಾದದ ಬೆನ್ನು ತರಚುತ್ತದೆ. ಅದಕ್ಕೆ ಮೆತ್ತನೆಯ ಕಾಲುಚೀಲ, ಹಾಸಿಗೆಯಲ್ಲಿ ಆಗಾಗ ಮಗ್ಗುಲು ಬದಲಾವಣೆ.

ಒದ್ದೆಯಿಂದ ಚರ್ಮ ಸುಡುವುದು ಸಾಮಾನ್ಯ. ಡಯಾಪರನ್ನು ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ, ತೊಳೆದು, ಒರೆಸಿ, ಒಣಗಿಸಬೇಕು. ಇಲ್ಲಿ ದಯಾಮಯಿಗಳು ಮಾಡುವ ಒಂದು ಅನಾಹುತವಿದೆ: ಮಗುವಿಗೆ ಹಚ್ಚುವ ರ‍್ಯಾಶ್ ಕ್ರೀಮನ್ನೇ ನಾಯಿಗೂ ಹಚ್ಚುತ್ತಾರೆ. ಅಂಥ ಅನೇಕ ಕ್ರೀಮುಗಳಲ್ಲಿ ಜಿಂಕ್ ಆಕ್ಸೈಡ್ ಇರುತ್ತದೆ. ನಾಯಿ ಹಚ್ಚಿದ್ದನ್ನು ನೆಕ್ಕದೆ ಬಿಡುವ ಪ್ರಾಣಿಯಲ್ಲ, ನೆಕ್ಕಿದರೆ ಅದು ವಿಷ. ಮಗುವಿನಂತೆ ಸಾಕುತ್ತೇವೆ ಎನ್ನುವವರು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರೆ ಸಾಕು.

ಕುರುಡು ನಾಯಿ, ಕಿವುಡು ನಾಯಿ ಇವುಗಳ ಮುಂದೆ ಎಷ್ಟೋ ಸಲೀಸು. ಕುರುಡಿಗೆ ಪೀಠೋಪಕರಣ ಇದ್ದಲ್ಲೇ ಇರಬೇಕು, ನೀರಿನ ಬಟ್ಟಲು ಕದಲಬಾರದು, ಮೆಟ್ಟಿಲಿನ ಮುಂಚೆ ಪಾದಕ್ಕೆ ಗೊತ್ತಾಗುವ ಒರಟು ಮ್ಯಾಟ್ ಇರಬೇಕು, ಮುಟ್ಟುವ ಮೊದಲು ಮಾತಾಡಿಸಬೇಕು. ಕಿವುಡಿಗೆ ಕೈಸನ್ನೆ. ಮಲಗಿದ್ದಾಗ ಮೂಗಿನ ಹತ್ತಿರ ಕೈ ಹಿಡಿದು ವಾಸನೆ ತೋರಿಸಿ, ಆಮೇಲೆ ಪ್ರತಿಸಲವೂ ಅದೇ ಭುಜ ಮುಟ್ಟಿ ಎಬ್ಬಿಸಬೇಕು. ಬೇಲಿಯಿಲ್ಲದ ಕಡೆ ಹಗ್ಗ ಬಿಡುವಂತಿಲ್ಲ. ಇಷ್ಟು ಸರಳವಿದ್ದರೂ ವಾಪಸ್ ಬರುವ ಕುರುಡು ನಾಯಿಗಳಿವೆ. ಮನೆಯ ವಿನ್ಯಾಸ ಆಗಾಗ ಬದಲಿಸುವ ಹವ್ಯಾಸವಂತೆ, ನಾಯಿ ಹೊಂದಿಕೊಳ್ಳಲಿಲ್ಲವಂತೆ.

ಗಡಿಯಾರದ ನಾಯಿಗಳು ಬೇರೆ. ಸಕ್ಕರೆ ಕಾಯಿಲೆಯ ನಾಯಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ ಊಟ, ಅದರ ಬೆನ್ನಿಗೇ ಇನ್ಸುಲಿನ್. ಊಟ ಮಾಡದ ದಿನ ಸೂಜಿ ಚುಚ್ಚುವ ಮುಂಚೆ ವೈದ್ಯರಿಗೆ ಫೋನು. ಸಿರಿಂಜಿನ ಮೇಲಿನ ಸಂಖ್ಯೆ ಸೀಸೆಯ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಯು-40 ಎಂದರೆ 1 ಮಿಲಿಯಲ್ಲಿ 40 ಯೂನಿಟ್, ಯು-100 ಎಂದರೆ 100. ಯು-100 ಇನ್ಸುಲಿನನ್ನು ಯು-40 ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಒಳಗೆ ಹೋಗುತ್ತದೆ. ಮೂರು ಕೆಜಿ ನಾಯಿಗೆ ಅದು ಸಣ್ಣ ತಪ್ಪಲ್ಲ. ಮೂರ್ಛೆರೋಗ ತಡೆಯುವ ಫಿನೋಬಾರ್ಬಿಟಾಲ್ ಔಷಧಿ ಕೂಡ 12 ಗಂಟೆಗೊಮ್ಮೆ. ‘ಈಗ ಆರಾಮಾಗಿದೆ’ ಎಂದು ದಿಢೀರನೆ ನಿಲ್ಲಿಸಿದರೆ, ನಿಲ್ಲಿಸಿದ್ದೇ ಮುಂದಿನ ಮೂರ್ಛೆಗೆ ಕಾರಣವಾಗಬಹುದು. ಮೂರ್ಛೆ ಬಂದಾಗ ಬಾಯಿಗೆ ಚಮಚ ತುರುಕುವ ವೀರರಿದ್ದಾರೆ. ನಾಯಿ ನಾಲಿಗೆ ನುಂಗುವುದಿಲ್ಲ, ನಿಮ್ಮ ಬೆರಳು ಮಾತ್ರ ಹೋಗುತ್ತದೆ. ಸುತ್ತಲಿನ ವಸ್ತು ಸರಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತುರ್ತು ಚಿಕಿತ್ಸೆ. ಒಂದೇ ದಿನದಲ್ಲಿ ಮತ್ತೆ ಬಂದರೂ ಅಷ್ಟೇ.

ಇಷ್ಟೆಲ್ಲ ಊನದ ಪುಟ್ಟ ನಾಯಿಗಳು ಎಲ್ಲಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. ಎಲ್ಲಕ್ಕೂ ಅಪಘಾತ, ಎಲ್ಲಕ್ಕೂ ವಿಧಿ ಕಾರಣವಲ್ಲ. ಬಹಳಷ್ಟನ್ನು ನಾವೇ ಆರ್ಡರ್ ಕೊಟ್ಟು ಮಾಡಿಸಿಕೊಂಡಿದ್ದೇವೆ. ಮೈಮೇಲೆ ಬೂದಿ ಎರಚಿದಂಥ ಮರ್ಲ್ ಬಣ್ಣ ಚೆಂದವೆಂದು ಎರಡು ಮರ್ಲ್ ನಾಯಿಗಳನ್ನೇ ಜೋಡಿ ಮಾಡಿದರೆ, ಪ್ರತಿ ಮರಿಗೂ ಆ ಜೀನಿನ ಎರಡು ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮರಿ ಬಹುಪಾಲು ಬೆಳ್ಳಗಿರುತ್ತದೆ. ಒಳಗಿವಿಯಲ್ಲಿ ಬಣ್ಣದ ಕೋಶಗಳಿಲ್ಲದೆ ಕಿವುಡಾಗಬಹುದು, ಕಣ್ಣು ಪೂರ್ತಿ ಬೆಳೆಯದೆಯೂ ಇರಬಹುದು. ಕುಳ್ಳು ಕಾಲು ಮುದ್ದೆಂದು ಆರಿಸುತ್ತಾ ಬಂದ ತಳಿಗಳಲ್ಲಿ ಎಫ್‌ಜಿಎಫ್4 ಜೀನಿನ ಹೆಚ್ಚುವರಿ ಪ್ರತಿಯಿರುತ್ತದೆ. ಅದರಲ್ಲಿ 12ನೇ ವರ್ಣತಂತುವಿನ ಮೇಲಿರುವ ಪ್ರತಿ ಬೆನ್ನಿನ ಡಿಸ್ಕನ್ನು ಎಳೆಯ ವಯಸ್ಸಿಗೇ ಗಟ್ಟಿ ಮಾಡಿ ಜಾರಲು ಸಿದ್ಧಗೊಳಿಸುತ್ತದೆ. ಚಪ್ಪಟೆ ಮುಖ ಬೇಕೆಂದದ್ದಕ್ಕೆ ಕಣ್ಣುಗೂಡು ಎಷ್ಟು ಆಳವಿಲ್ಲದ್ದಾಯಿತೆಂದರೆ, ಕುತ್ತಿಗೆ ಬಿಗಿಯಾಗಿ ಹಿಡಿದರೂ ಕಣ್ಣುಗುಡ್ಡೆ ಹೊರಬರಬಹುದು. ‘ಟೀಕಪ್’ ಎಂಬ ತಳಿಯೇ ಇಲ್ಲ, ಅದು ಮಾರುವವರು ಕಟ್ಟಿದ ಹೆಸರು. ಅಂಗೈಯಲ್ಲಿ ಹಿಡಿಸುವ ಆ ಮರಿ ಕೆಲವು ಗಂಟೆ ಉಪವಾಸ ಬಿದ್ದರೆ ರಕ್ತದ ಸಕ್ಕರೆ ಕುಸಿದು ತೂರಾಡುತ್ತದೆ. ವಸಡಿಗೆ ಸಕ್ಕರೆ ನೀರು ಸವರಿ ಆಸ್ಪತ್ರೆಗೆ ಓಡಬೇಕು.

ಅಂದರೆ ಚೆಂದಕ್ಕೆಂದು ಕೊಂಡವರು, ಕೆಟ್ಟಾಗ ಬಿಟ್ಟವರು, ಬಿಟ್ಟದ್ದರ ಫೋಟೊಗೆ ಅತ್ತವರು ಎಲ್ಲ ಒಂದೇ ಸಂತೆಯ ಜನ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಹೋಗಲಿ, ಈಗ ತೂಗುವುದನ್ನು ನೇರಪ್ರಸಾರವನ್ನೂ ಮಾಡುತ್ತಾರೆ.

ಶೆಲ್ಟರಿನವರೂ ಕಡಿಮೆಯವರಲ್ಲ. ಅವರ ವಿವರಣೆ ಓದಲು ಬೇರೆಯೇ ನಿಘಂಟು ಬೇಕು. ‘ತನ್ನ ಜಾಗವನ್ನು ಪ್ರೀತಿಸುತ್ತದೆ’ ಎಂದರೆ ಹತ್ತಿರ ಹೋದರೆ ಕಚ್ಚುತ್ತದೆ. ‘ಒಂಟಿಯಾಗಿ ರಾಣಿಯಂತೆ ಬಾಳಬಯಸುತ್ತದೆ’ ಎಂದರೆ ಬೇರೆ ನಾಯಿ ಕಂಡರಾಗದು. ‘ಚಿಕ್ಕಪುಟ್ಟ ಸೋರಿಕೆ’ ಎಂದರೆ ಇಪ್ಪತ್ನಾಲ್ಕು ಗಂಟೆ ಡಯಾಪರು. ಜಾಗ ಖಾಲಿಯಾಗಬೇಕೆಂಬ ಅವರ ಅವಸರ ಅರ್ಥವಾಗುತ್ತದೆ. ಆದರೆ ಸಕ್ಕರೆ ಬೆರೆಸಿ ಕಳಿಸಿದ ನಾಯಿ ತಿಂಗಳೊಳಗೆ ವಾಪಸ್ ಬಂದರೆ ಜಾಗವೂ ಉಳಿಯಲಿಲ್ಲ, ನಾಯಿಯ ಧೈರ್ಯವೂ ಉಳಿಯಲಿಲ್ಲ.

ವಾಪಸ್ ಬರುವ ಹೊತ್ತೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. ಹೊಸ ಮನೆಗೆ ಹೋದ ನಾಯಿಗೆ ಭಯ ಇಳಿಯಲು ಮೂರು ದಿನ, ದಿನಚರಿ ಹಿಡಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು ಎಂಬುದು ಈ ಕೆಲಸದಲ್ಲಿರುವವರ ರೂಢಿ ಲೆಕ್ಕ. ಊನವಿರುವ ನಾಯಿಗೆ ಇನ್ನೂ ಹೆಚ್ಚು ಹಿಡಿಯಬಹುದು. ‘ಮನೆಗೆ ಬಂತು’ ವಿಡಿಯೊಗೆ ಮೊದಲ ಮೂರು ದಿನವೇ ಸಾಕು. ಮಿಕ್ಕ ದಿನಗಳಿಗೆ ನೋಡುಗರಿಲ್ಲ. ಆಮೇಲೆ ಅರ್ಜಿಯ ‘ಹಿಂದಿರುಗಿಸಲು ಕಾರಣ’ ಎಂಬ ಕಾಲಮ್ಮಿನಲ್ಲಿ ಅಲರ್ಜಿ, ವರ್ಗಾವಣೆ, ಮನೆ ಮಾಲೀಕರ ತಕರಾರು ಎಂಬ ಮೂರರಲ್ಲಿ ಒಂದು ಬೀಳುತ್ತದೆ. ‘ರಾತ್ರಿ ಎರಡು ಗಂಟೆಗೆ ಏಳಲಾಗಲಿಲ್ಲ’ ಎಂದು ನೆಟ್ಟಗೆ ಬರೆದವರಿಗೆ ಶೆಲ್ಟರಿನವರು ಕೈಮುಗಿಯಬೇಕು. ಆ ಒಂದು ಸಾಲಿನಿಂದ ಮುಂದಿನ ಮನೆಯನ್ನು ಸರಿಯಾಗಿ ಆರಿಸಬಹುದು.

ಪರಿಹಾರ ಕಷ್ಟದ್ದಲ್ಲ. ದತ್ತು ಪಡೆಯುವ ಮುಂಚೆ ಎರಡು ವಾರ ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ, ನಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲಿ. ಅದಕ್ಕೂ ಮುಂಚೆ ಒಂದು ಶನಿವಾರ ಅರ್ಜಿದಾರರನ್ನು ಶೆಲ್ಟರಿಗೆ ಕರೆಸಿ, ಒಂದು ಜೊತೆ ಕೈಗವಸು, ಒಂದು ಪ್ಯಾಡು ಕೊಟ್ಟು, ಪಕ್ಕದಲ್ಲಿ ಬಲ್ಲವರನ್ನು ನಿಲ್ಲಿಸಿ, ಆ ನಾಯಿಯ ಮೂತ್ರಕೋಶವನ್ನು ಒಂದೇ ಒಂದು ಸಲ ಅವರ ಕೈಯಿಂದಲೇ ಖಾಲಿ ಮಾಡಿಸಲಿ. ಸಕ್ಕರೆ ಕಾಯಿಲೆಯ ನಾಯಿಯಾದರೆ ಒಂದು ಸೂಜಿ. ಸಾಲು ಅರ್ಧಕ್ಕರ್ಧ ಕರಗುತ್ತದೆ. ಉಳಿದ ಅರ್ಧದಲ್ಲೂ ಒಬ್ಬರು ಮೆಲ್ಲಗೆ ಕೈಯೆತ್ತಿ ಕೇಳುತ್ತಾರೆ: ‘ಮೇಡಂ, ಗ್ಲೌಸ್ ಹಾಕೋ ಮುಂಚೆ ಒಂದು ಫೋಟೊ ತೆಗೆಸ್ಕೊಂಡು ಬಿಡಲಾ?’