ಸತ್ಯಾಂಶ: ‘ನ್ಯಾವಿಗೇಷನ್’ ಹುಟ್ಟಿದ್ದು ‘ನವಗತಿ’ಯಿಂದಲ್ಲ

‘ನೌಕಾಯಾನ ಶುರುವಾಗಿದ್ದು 6000 ವರ್ಷಗಳ ಹಿಂದೆ ಸಿಂಧೂ ನದಿಯಲ್ಲಿ, ನ್ಯಾವಿಗೇಷನ್ ಸಂಸ್ಕೃತದ ನವಗತಿಯಿಂದ ಬಂದ ಪದ’ ಎಂಬ ಫಾರ್ವರ್ಡ್ ಸುತ್ತುತ್ತಲೇ ಇದೆ. ಪದದ ಕಥೆಯಂತೂ ತಪ್ಪು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದದ ಮೂಲ ಲ್ಯಾಟಿನ್. ‘ನಾವಿಸ್’ ಅಂದರೆ ಹಡಗು, ‘ಅಗೆರೆ’ ಅಂದರೆ ನಡೆಸು. ‘ಗತಿ’ಗೆ ಇಲ್ಲಿ ಜಾಗವೇ ಇಲ್ಲ. ಅಷ್ಟಕ್ಕೂ ಸಂಸ್ಕೃತದಲ್ಲಿ ‘ನವ’ ಅಂದರೆ ಹೊಸದು ಅಥವಾ ಒಂಬತ್ತು. ದೋಣಿ ‘ನೌ’, ಅಲ್ವಾ?

ಹಾಗಂತ ಹೋಲಿಕೆ ಸುಮ್ನೆ ಬಂದದ್ದಲ್ಲ. ಸಂಸ್ಕೃತದ ‘ನೌ’, ಗ್ರೀಕಿನ ‘ನೌಸ್’, ಲ್ಯಾಟಿನ್ನಿನ ‘ನಾವಿಸ್’ ಒಂದೇ ಹಳೆಯ ಇಂಡೋ-ಯುರೋಪಿಯನ್ (ಈ ಭಾಷೆಗಳೆಲ್ಲ ಸೇರಿದ ಭಾಷಾ ಕುಟುಂಬ) ಬೇರಿನವು. ಅಕ್ಕತಂಗಿಯರು, ತಾಯಿ-ಮಗಳಲ್ಲ. (ವಾಕರಿಕೆಯ ‘ನಾಸಿಯಾ’ ಕೂಡ ಗ್ರೀಕರ ಹಡಗಿನಿಂದಲೇ ಇಳಿದದ್ದು!)

ಇನ್ನು ಸಿಂಧೂ ಕಣಿವೆಯ ಹರಪ್ಪದವರ ಸಮುದ್ರ ವ್ಯಾಪಾರ ನಿಜ. ಅವರ ಮುದ್ರೆಗಳು ಇರಾಕಿನ ಪ್ರಾಚೀನ ನಗರ ಊರ್‌ನಲ್ಲಿ ಸಿಕ್ಕಿವೆ. ಆದರೆ ಅವರ ಲಿಪಿಯನ್ನು ಇನ್ನೂ ಓದಲಾಗಿಲ್ಲ, ಹಾಗಾಗಿ ದೋಣಿಗೆ ಅವರು ಏನೆನ್ನುತ್ತಿದ್ದರೋ ಗೊತ್ತಿಲ್ಲ.